ಅವ್ವನ ಹಾಡಿಗೆ ಮೊದಲ ಪಾಳಿ

ಗಂಟಲಿನ ಆಪರೇಷನ್ ಆದ ಮೇಲೆ ಅವ್ವನ ದನಿ ಮೊದಲಿನಂತೆ ಉಳಿಯುತ್ತದೆಂಬ ಖಾತ್ರಿ ಇಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಸೋಮವಾರ ದಾಖಲಾಗಬೇಕಿತ್ತು. ಹಾನಗಲ್ಲಿನ ನಮ್ಮ ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ಅರಿಷಿಣ ಹಚ್ಚುವಾಗ ಸೋಬಾನ ಪದ ಎತ್ತಿಕೊಡುವವಳು ಅವ್ವ. ಒಂದನ್ನೂ ಬರೆದಿಟ್ಟಿಲ್ಲ. ಅವಳಿಗೆ ಬರೆಯಲು ಬರುವುದಿಲ್ಲ, ನನಗೆ ಹಾಡಲು ಬರುವುದಿಲ್ಲ. ಚಿಕ್ಕಂದಿನಲ್ಲಿ ಕಲಿ ಎಂದಾಗಲೆಲ್ಲ ಮೂಗು ಮುರಿದವಳು ನಾನು. ಈಗ ಅವನ್ನೆಲ್ಲ ರೆಕಾರ್ಡ್ ಮಾಡಿಡಲು ಹೊರಟೆ.

ಭಾನುವಾರ ಮಧ್ಯಾಹ್ನ ನನ್ನ ಝೆರಾಕ್ಸ್ ಅಂಗಡಿಯ ಶಟರ್ ಇಳಿಸಿ, ಫ್ಯಾನು ಆರಿಸಿ, ಅವ್ವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಫೋನಿನಲ್ಲೇ ರೆಕಾರ್ಡ್ ಮಾಡಬಹುದಿತ್ತು. ಆದರೆ ಒಳ್ಳೆಯ ಮೈಕಿನಲ್ಲೇ ಆಗಬೇಕೆಂಬ ಹಟ ನನ್ನದು. ಅವಳ ಜೊತೆ ಯಾವಾಗಲೂ ಹಾಡುವ ಗೆಳತಿ ತಾನೂ ಬರುತ್ತೇನೆ ಎಂದಿದ್ದಳು. ನಾನೇ ಬೇಡವೆಂದೆ, ನನಗೆ ಬೇಕಾದದ್ದು ಅವ್ವನ ದನಿಯೊಂದೇ. ಆಕೆ ಬೆಳಿಗ್ಗೆಯೇ ಬಂಕಾಪುರದ ಮಗಳ ಮನೆಗೆ ಬಸ್ಸು ಹತ್ತಿದ್ದಳು.

ಕಂಪ್ಯೂಟರ್ ಹಳೆಯದು. ರೆಕಾರ್ಡ್ ಮಾಡಿ ಕೇಳಿದರೆ ದನಿಯ ನಡುನಡುವೆ ಪಟಪಟ ಸದ್ದು, ಅನ್ನದಲ್ಲಿ ಹರಳು ಸಿಕ್ಕ ಹಾಗೆ. ತೆರೆದದ್ದನ್ನೆಲ್ಲ ಮುಚ್ಚಿದರೂ ಹೋಗಲಿಲ್ಲ. ಟಾಸ್ಕ್ ಮ್ಯಾನೇಜರಿನೊಳಗೆ ಯಾವ ಪ್ರೋಗ್ರಾಮಿಗೆ ಮೊದಲ ಪಾಳಿ ಎಂದು ಗೊತ್ತುಮಾಡುವ ಒಂದು ಪಟ್ಟಿ ಇದೆ. ರೆಕಾರ್ಡಿಂಗ್ ಪ್ರೋಗ್ರಾಮಿಗೆ ಎಲ್ಲಕ್ಕಿಂತ ಮೇಲಿನದನ್ನೇ ಕೊಟ್ಟೆ, ರಿಯಲ್‌ಟೈಮ್. ಒಂದು ಎಚ್ಚರಿಕೆ ಬಂತು. ಅದನ್ನು ಓದುವ ತಾಳ್ಮೆ ನನಗೆಲ್ಲಿ.

ಅವ್ವ ಎರಡು ಸಾಲು ಹಾಡಿ ಸುಮ್ಮನಾದಳು.

"ಯಾಕವ್ವಾ?"

"ಮುಂದಿಂದು ಬರವಲ್ದು."

ರೆಕಾರ್ಡಿಂಗ್ ನಿಲ್ಲಿಸೋಣವೆಂದರೆ ಮೌಸಿನ ಬಾಣ ಅಲ್ಲಾಡಲಿಲ್ಲ. ಆ ಪ್ರೋಗ್ರಾಮು ಯಂತ್ರದ ಬಲವನ್ನೆಲ್ಲ ತಾನೇ ನುಂಗಿ, ಬಾಣ ಸರಿಸುವಷ್ಟನ್ನೂ ಬಿಟ್ಟಿರಲಿಲ್ಲ. ಕಂಪ್ಯೂಟರಿನ ಮೇಲಿನ ಸಿಟ್ಟನ್ನು ಅವ್ವನ ಮೇಲೆ ತೀರಿಸಿಕೊಂಡೆ.

"ಇಷ್ಟು ವರ್ಷ ಹಾಡಿದಾಕಿಗೆ ಎರಡ ಸಾಲಿಗೆ ಮರ್ತಹೋತೇನು?"

ಅವ್ವ ಬೇಸರಿಸಲಿಲ್ಲ. "ನಾ ಒಂದು ಸಾಲು ಅಂದ್ರ ಎದುರಿನಾಕಿ ಅದನ್ನ ತಿರುಗಿ ಅಂತಾಳ. ಆಕಿ ಅನ್ನೂದ್ರಾಗ ನನಗ ಮುಂದಿಂದು ನೆನಪಾಗ್ತೈತಿ. ಒಬ್ಬಾಕಿನ ಹೆಂಗ ಹಾಡ್ಲಿ?"

ಎಷ್ಟೋ ಮದುವೆಗಳಲ್ಲಿ ಕೇಳಿದ್ದರೂ ಇದು ನನಗೆ ಗೊತ್ತಿರಲಿಲ್ಲ. ಗೆಳತಿ ಮರಳುವುದು ಮಂಗಳವಾರ. ಅವಳನ್ನು ಬೇಡವೆಂದ ನನ್ನ ಬುದ್ಧಿಗೆ ಏನನ್ನಬೇಕು.

ಸ್ವಿಚ್ಚನ್ನೇ ಆರಿಸಿ ಮತ್ತೆ ಹಚ್ಚಿದೆ. ಈ ಸಲ ಒಂದು ಮೆಟ್ಟಿಲು ಕೆಳಗಿನ ಪಾಳಿ ಕೊಟ್ಟೆ. ಪಟಪಟ ಅಷ್ಟಾಗಿ ಇರಲಿಲ್ಲ, ಬಾಣವೂ ಓಡಾಡಿತು.

"ನೀನ ಅನ್ನು," ಎಂದಳು ಅವ್ವ.

"ನನಗ ಬರೂದಿಲ್ಲ."

"ಬರಬೇಕಂತ ಯಾರಂದ್ರು? ನಾ ಅಂದಿದ್ದನ್ನ ಅನ್ನು."

ಅಂದೆ. ಮೊದಲ ಹಾಡಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆಮೇಲೆ ಅವ್ವನ ಬಾಯನ್ನೇ ನೋಡುತ್ತ ಕಂಪ್ಯೂಟರನ್ನು ಮರೆತೆ. ಸಂಜೆಯ ಹೊತ್ತಿಗೆ ಹದಿನಾಲ್ಕು ಹಾಡುಗಳಾದವು.

ಆಪರೇಷನ್ ಸುಸೂತ್ರವಾಗಿಯೇ ಆಯಿತು. ದನಿ ಮಾತ್ರ ಪಿಸುಮಾತಾಗಿ ಉಳಿಯಿತು. ಎರಡು ತಿಂಗಳು ನಾನು ಆ ಹಾಡುಗಳನ್ನು ಒಬ್ಬಳೇ ಕೇಳಿದೆ, ನನ್ನ ಸಾಲು ಬಂದಾಗಲೆಲ್ಲ ಮುಂದಕ್ಕೆ ಓಡಿಸುತ್ತ. ಅವ್ವನಿಗೆ ಕೇಳಿಸುವ ಧೈರ್ಯವಾಗಲಿಲ್ಲ. ಹೋದ ದನಿಯನ್ನು ಅವಳೆದುರಿಗೇ ಹೇಗೆ ಹಚ್ಚುವುದು? ಕೊನೆಗೆ ಅವಳೇ ಹಚ್ಚು ಎಂದಳು. ಹದಿನಾಲ್ಕನ್ನೂ ಕಣ್ಣು ಮುಚ್ಚಿ ಕೇಳಿದಳು. ಅವಳ ಮುಖ ನೋಡಲಾರದೆ ನಾನು ನೆಲ ನೋಡುತ್ತ ಕುಳಿತಿದ್ದೆ. ಮುಗಿದ ಮೇಲೆ ನನ್ನ ಕೈ ಹಿಡಿದು, ಉಳಿದಿದ್ದ ಆ ಪಿಸುದನಿಯಲ್ಲಿ ಕೇಳಿದಳು:

"ನಿನ್ನ ದನಿ ಇಷ್ಟು ಛಲೋ ಐತಿ. ಇಷ್ಟು ವರ್ಷ ನನಗ ಯಾಕ ಕೇಳಸ್ಲಿಲ್ಲ?"