ಆಪ್ಷನ್‌ನಲ್ಲಿಲ್ಲದ ಗಂಡ

ನಂಜನಗೂಡಿನಲ್ಲಿ ನಮಗೆ ಬ್ಯಾಂಕ್ ಪರೀಕ್ಷೆಗೆ ರೀಸನಿಂಗ್ ಕಲಿಸುತ್ತಿದ್ದ ಮೇಷ್ಟ್ರು, ವಯಸ್ಸು ಮೀರುವವರೆಗೆ ತಾವೂ ಅದೇ ಪರೀಕ್ಷೆ ಬರೆದು ಸೋತವರು. ಯಾರು ಅನುಮಾನ ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ಆಪ್ಷನ್‌ನಲ್ಲಿ ಇಲ್ಲ ಅಂದ್ರೆ ಲೋಕದಲ್ಲೇ ಇಲ್ಲ ಕಣ್ರೀ" ಎನ್ನುತ್ತಿದ್ದರು. ಮದುವೆಯೂಟಕ್ಕೆ ಹೋದರೂ ಪಂಕ್ತಿಯಲ್ಲಿ ಯಾರ ಎಡಕ್ಕೆ ಯಾರು ಕೂತರೆಂದು ಬೆರಳು ಮಡಿಸುತ್ತಿದ್ದರು.

ಒಂದು ದಿನ ರಕ್ತಸಂಬಂಧದ ಪಾಠ. "ಒಬ್ಬ ಗಂಡಸನ್ನ ತೋರಿಸಿ ಒಬ್ಬ ಹೆಂಗಸು, 'ಇವ್ರು ನಮ್ಮಮ್ಮನ ಒಬ್ಬನೇ ತಮ್ಮ' ಅಂತಾಳೆ. ಅವ್ರು ಅವಳಿಗೇನಾಗ್ಬೇಕು?" ಎಂದು ಕೇಳಿದರು.

ಹೆಮ್ಮಿಗೆಯಿಂದ ಬರುತ್ತಿದ್ದ ಹುಡುಗಿಗೆ ಸೋದರಮಾವನ ಜೊತೆಯೇ ಮದುವೆಯಾಗಿತ್ತು. ಅವಳು ಥಟ್ಟನೆ, "ಗಂಡ ಸಾ" ಎಂದಳು. ನಾವೆಲ್ಲ ನಕ್ಕೆವು.

"ಆಪ್ಷನ್‌ನಲ್ಲಿ ಗಂಡ ಇಲ್ಲ ಕಣಮ್ಮ. ಮಾವ ಅಂತ ಬರ್ಕೊ."

"ತಾಳಿ ಕಟ್ಟವ್ರಲ್ಲ ಸಾ!"

ಮೇಷ್ಟ್ರು ಬೋರ್ಡನ್ನೊಮ್ಮೆ, ಅವಳ ತಾಳಿಯನ್ನೊಮ್ಮೆ ನೋಡಿ, ಬೋರ್ಡ್ ಒರೆಸಿ ದಿಕ್ಕುಗಳ ಪಾಠ ತೆಗೆದರು.

ಆ ವರ್ಷ ನಮ್ಮಲ್ಲಿ ಪಾಸಾದವಳು ಅವಳೊಬ್ಬಳೇ. ಸಿಹಿ ಹಂಚಲು ಬಂದಾಗ ಮೇಷ್ಟ್ರು ಮೆಲ್ಲಗೆ, "ಆ ಪ್ರಶ್ನೆ ಬಂದಿತ್ತೇನಮ್ಮ?" ಎಂದು ಕೇಳಿದರು.

ಅವಳು ಹೊರಗೆ ಬೈಕಿನ ಮೇಲೆ ಕಾಯುತ್ತಿದ್ದ ಗಂಡನತ್ತ ನೋಡಿ ದನಿ ತಗ್ಗಿಸಿದಳು.

"ಬಂದಿತ್ತು ಸಾ. ಕಂಪ್ಯೂಟ್ರಲ್ಲಿ ಮಾವ ಅಂತ್ಲೇ ಒತ್ತಿ ಬಂದ್ಬುಟ್ಟೆ. ಅವ್ರಿಗೆ ಮಾತ್ರ ಯೋಳ್ಬ್ಯಾಡಿ."