ಡಾನ್ಸ್ ಹಾಲಿನಲ್ಲಿ ರೊಟ್ಟಿಯ ಸದ್ದು

ನಮ್ಮ ತಲೆಯ ಮೇಲಿನ ಸದ್ದು ನಿಂತು ನಿನ್ನೆಗೆ ಒಂದು ವಾರವಾಗಿತ್ತು. ಮೇಲಿನ ಮನೆಗೆ ಬಾದಾಮಿ ಕಡೆಯ ಗಂಡ ಹೆಂಡತಿ ಹೊಸದಾಗಿ ಬಂದಿದ್ದಾರೆ. ಬೆಳಗಾದರೆ ಆ ಹುಡುಗಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ದಬ್ ದಬ್, ದಬ್ ದಬ್. ಅಪಾರ್ಟ್‌ಮೆಂಟಿನ ಸಂಘದವರು ಲಿಫ್ಟಿನೊಳಗೆ ನೋಟಿಸ್ ಅಂಟಿಸಿದರು; ಬೆಳಗಿನ ಹೊತ್ತು ಯಾರೂ ಕುಟ್ಟುವುದು, ಬಡಿಯುವುದು ಮಾಡಬಾರದಂತೆ. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಮಾರನೆಯ ದಿನದಿಂದ ಸದ್ದು ನಿಂತಿತು. ಕೆಳಗಿನ ಮನೆಯವಳು ನಾನು. ದೂರು ಕೊಡುವ ಹಕ್ಕು ಯಾರಿಗಾದರೂ ಇದ್ದರೆ ನನಗೇ ಇತ್ತು, ನಾನು ಕೊಟ್ಟಿರಲಿಲ್ಲ. ನನಗೆ ಆ ಸದ್ದು ಬೇಕಾಗಿತ್ತು. ಏಕೆಂದು ಹೇಳುತ್ತೇನೆ, ಕೂತುಕೊಳ್ಳಿ. ಕಾಫಿ ಆರಿದರೆ ಮತ್ತೆ ಬಿಸಿ ಮಾಡಿಕೊಟ್ಟರಾಯಿತು.

ಇದೇ ವೈಟ್‌ಫೀಲ್ಡಿಗೆ ನಾವು ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ನಮ್ಮ ಯಜಮಾನರಿಗೆ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ದಾವಣಗೆರೆಯಲ್ಲಿ ಎಲ್ಲರಿಗೂ ‘ಬೆಂಗಳೂರಿಗೆ ಹೋಗ್ತೀವಿ’ ಎಂದು ಜಂಬದಿಂದ ಹೇಳಿ ಬಂದಿದ್ದ ನಾನು, ಬಸ್ಸಿನಿಂದ ಇಳಿದು ಸುತ್ತ ನೋಡಿ ಪೆಚ್ಚಾದೆ. ಮಾವಿನ ತೋಪು, ಹೆಂಚಿನ ಮನೆಗಳು, ಸಂಜೆಯಾದರೆ ಮುಗಿದುಹೋಗುವ ಬಸ್ಸುಗಳು. ನಮ್ಮ ಊರೇ ಇದಕ್ಕಿಂತ ದೊಡ್ಡದಿತ್ತು.

ನಮಗೆ ಮನೆ ಕೊಟ್ಟವರು ಐರಿಸ್ ಆಂಟಿ. ಆಂಗ್ಲೋ-ಇಂಡಿಯನ್ ಮನೆತನದವರು, ಎಪ್ಪತ್ತು ದಾಟಿದವರು, ಮದುವೆಯಾಗದವರು. ಹೂವಿನ ಫ್ರಾಕು ಹಾಕಿಕೊಂಡು, ಗಂಡಸರ ಗಂಬೂಟು ಮೆಟ್ಟಿ, ಬೆಳಗಿನಿಂದ ಸಂಜೆಯವರೆಗೆ ಗಿಡಗಳನ್ನೂ ನಮ್ಮನ್ನೂ ಬೈಯುತ್ತಿದ್ದರು. ಅವರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ನಾವು. ಮನೆಯ ಮುಂದೆ, ರಸ್ತೆಗಳೆಲ್ಲ ಬಂದು ಸೇರುವ ಸರ್ಕಲ್ಲಿಗೆ ಮುಖ ಮಾಡಿ, ಅವರ ತಂದೆ ಕಟ್ಟಿಸಿದ ಡಾನ್ಸ್ ಹಾಲ್. ಎತ್ತರದ ಹೆಂಚಿನ ಮಾಡು, ಆಳೆತ್ತರದ ಕಿಟಕಿಗಳು. ನೆಲ ಪೂರ್ತಿ ತೇಗದ ಹಲಗೆಯದು, ಅದರ ಕೆಳಗೆ ಟೊಳ್ಳು. ಮೇಲೆ ಬೆಕ್ಕು ನಡೆದರೂ ಗೊತ್ತಾಗುತ್ತಿತ್ತು. ಕುಣಿಯುವವರು ಒಬ್ಬೊಬ್ಬರಾಗಿ ಊರು ಬಿಟ್ಟು ಹೋಗಿ, ಹಾಲಿಗೆ ಬೀಗ ಬಿದ್ದು ವರ್ಷಗಳಾಗಿದ್ದವು. ಆ ಹೊತ್ತಿಗೆ ಬೆಕ್ಕುಗಳೇ ಉಳಿದಿದ್ದವು.

ಖಾಲಿ ಕಟ್ಟಡ, ಅದೂ ಸರ್ಕಲ್ಲಿನಲ್ಲಿ! ಊರ ಹೊರಗೆ ದೊಡ್ಡ ದೊಡ್ಡ ಕಂಪನಿ ಕಟ್ಟಡಗಳು ಏಳತೊಡಗಿದ್ದ ಕಾಲ ಅದು. ಒಬ್ಬ ಬಂದು ಕೆಡವಿ ಅಂಗಡಿಸಾಲು ಕಟ್ಟೋಣ ಎಂದ. ಇನ್ನೊಬ್ಬ ಸಿಮೆಂಟ್ ಚೀಲ ಪೇರಿಸಲು ಗೋಡೌನ್ ಕೇಳಿದ. ನಾನೂ ಸುಮ್ಮನಿರಲಿಲ್ಲ. ಅಲ್ಲೊಂದು ಕನ್ನಡ ವಾಚನಾಲಯ ಮಾಡಬೇಕು, ಅದಕ್ಕೆ ನಾನೇ ಅಧ್ಯಕ್ಷೆಯಾಗಬೇಕು ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದು, ಆಂಟಿಯ ಮುಂದೆ ವಿಷಯ ಇಟ್ಟೆ.

“ಲೈಬ್ರರಿ ಅಂದ್ರೆ ಎಲ್ಲಾರೂ ಬಾಯಿ ಮುಚ್ಕೊಂಡು ಕೂತ್ಕೊಳೋದಾ? ಬೇಡಮ್ಮಾ” ಎಂದರು ಆಂಟಿ. “ನಾನು ಹುಟ್ಟಿದ್ದೇ ಗಲಾಟೇಲಿ. ತೊಟ್ಟಿಲಲ್ಲಿ ಮಲ್ಗಿದ್ರೆ ಈ ಹಾಲಿಂದ ಬೂಟ್ಸ್ ಸೌಂಡ್ ಬರ್ತಿತ್ತು, ಅದ್ರಲ್ಲೇ ನಿದ್ದೆ. ಈಗ ಹಗಲಲ್ಲೇ ಭಯ ಆಗುತ್ತೆ ನಂಗೆ. ಅಷ್ಟು ಸೈಲೆಂಟ್. ಸಿಮೆಂಟ್ ಚೀಲ ಮಾತಾಡುತ್ತಾ?”

ಅಲ್ಲಿಯವರೆಗೂ ಅವರು ಬಾಡಿಗೆಗೆ ಒಳ್ಳೆಯ ಗಿರಾಕಿಗಾಗಿ ಕಾಯುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ಕಾಯುತ್ತಿದ್ದುದು ಸದ್ದಿಗೆ. ಆದರೆ ಮಾಡು ಸೋರತೊಡಗಿತ್ತು, ರಿಪೇರಿ ಮಾಡಿಸುವ ಶಕ್ತಿ ಅವರಿಗಿರಲಿಲ್ಲ. ಬೇರೆ ಯಾರೂ ಬರದಿದ್ದರೆ ಗೋಡೌನಿನವನಿಗೇ ಕೊಡುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು.

ಆಗ ನನಗೆ ನೆನಪಾದವಳು ನೀಲವ್ವ. ಹುನಗುಂದದ ಕಡೆಯವಳು. ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದವಳು, ಜನರ ಹಸಿವು ನೋಡಲಾಗದೆ ತಾವು ಕಟ್ಟುತ್ತಿದ್ದ ಕಂಪನಿ ಕಟ್ಟಡದ ಪಕ್ಕ ತಗಡಿನ ಶೆಡ್ಡಿನಲ್ಲಿ ಒಲೆ ಹೂಡಿದ್ದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಾನು ಅವಳ ಖಾಯಂ ಗಿರಾಕಿ. ದಾವಣಗೆರೆಯವಳಾಗಿ ರೊಟ್ಟಿ ಬಡಿಯಲು ಬಾರದೇ ಎಂದು ಕೇಳಬೇಡಿ. ನನ್ನ ರೊಟ್ಟಿಯಲ್ಲಿ ಕರ್ನಾಟಕದ ನಕ್ಷೆಯನ್ನು ಜಿಲ್ಲೆಗಳ ಸಮೇತ ಗುರುತಿಸಬಹುದು ಎಂದು ಯಜಮಾನರು ಹೇಳುತ್ತಿದ್ದರು. ಆ ಶೆಡ್ ಇದ್ದ ಜಾಗವೂ ಕಟ್ಟಡಕ್ಕೆ ಬೇಕಾಗಿ, ನೀಲವ್ವನಿಗೆ ಎದ್ದು ಹೋಗಲು ಹೇಳಿದ್ದರು.

ಆಂಟಿಯನ್ನು ಕರೆದುಕೊಂಡು ಹೋಗಿ ಶೆಡ್ಡಿನ ಮುಂದೆ ನಿಲ್ಲಿಸಿದೆ. ನೀಲವ್ವ ಸೇರಿ ನಾಲ್ಕು ಜನ ಹೆಂಗಸರು ಒಟ್ಟಿಗೆ ಬಡಿಯುತ್ತಿದ್ದರು. ಆಂಟಿ ರೊಟ್ಟಿ ನೋಡಲಿಲ್ಲ. ಕಣ್ಣು ಮುಚ್ಚಿ ನಿಂತು, ಗಂಬೂಟಿನ ತುದಿಯಿಂದ ತಾಳ ಹಾಕಿದರು. ಅಲ್ಲಿಗೆ ವ್ಯವಹಾರ ಮುಗಿಯಿತು. ಮಾಡಿನ ರಿಪೇರಿ ನೀಲವ್ವನ ಗಂಡ ಮತ್ತವನ ಜೊತೆಯವರದು. ಒಲೆಗಳು ಹಿಂದಿನ ಕಲ್ಲುಚಪ್ಪಡಿಯ ಕೋಣೆಯಲ್ಲಿ, ಬಡಿಯುವುದೂ ಊಟವೂ ಹಾಲಿನಲ್ಲಿ. ಆಂಟಿಯದು ಒಂದೇ ಷರತ್ತು: “ನನ್ನ ಫ್ಲೋರನ್ನ ಚೆನ್ನಾಗಿ ನೋಡ್ಕೋಬೇಕು.” ನೀಲವ್ವ ಎರಡೂ ಕೈ ಜೋಡಿಸಿ ಒಪ್ಪಿದಳು.

ಸೋಮವಾರ ಶುರು ಮಾಡುವುದೆಂದಾಯಿತು. ಅವತ್ತು ಬೆಳಿಗ್ಗೆ ಆಂಟಿ ಇಸ್ತ್ರಿ ಮಾಡಿದ ಫ್ರಾಕು ಹಾಕಿಕೊಂಡು, ನನ್ನ ಕೈ ಹಿಡಿದು ಹಾಲಿಗೆ ಬಂದರು. ಬಾಗಿಲು ತೆರೆದಿತ್ತು. ಒಳಗೆ ಕಾಲಿಡುವ ಮೊದಲೇ ವಾಸನೆ ಬಂತು. ಆ ಮೂಲೆಯಿಂದ ಈ ಮೂಲೆಯವರೆಗೆ ತೇಗದ ನೆಲಕ್ಕೆ ಸಗಣಿ ಸಾರಿಸಿ, ನಡುವೆ ದೊಡ್ಡ ರಂಗೋಲಿ ಬಿಟ್ಟು, ನೀಲವ್ವ ಅದರ ಪಕ್ಕದಲ್ಲಿ ನಗುತ್ತಾ ನಿಂತಿದ್ದಳು. ನೆಲವನ್ನು ಚೆನ್ನಾಗಿ ನೋಡಿಕೊಳ್ಳುವುದು ಎಂದರೆ ಅವಳಿಗೆ ಗೊತ್ತಿದ್ದದ್ದು ಅದೇ.

“ಡ್ಯಾಡೀಸ್ ಫ್ಲೋರ್...” ಎಂದರು ಆಂಟಿ. ಮೆಟ್ಟಿಲ ಮೇಲೆ ಕುಸಿದು ಕೂತು, ನನ್ನ ಮುಖ ನೋಡದೆ ಕೈ ಚಾಚಿದರು. “ಬೀಗದ ಕೈ ಕೊಡಕ್ಕೆ ಹೇಳು. ಗೋಡೌನ್ ಅವ್ನಿಗೇ ಕೊಡ್ತೀನಿ.”

ನೀಲವ್ವನ ನಗು ಆರಿಹೋಯಿತು. ಬೀಗದ ಕೈ ತಂದು ಆಂಟಿಯ ಅಂಗೈಯಲ್ಲಿಟ್ಟು ನನ್ನತ್ತ ತಿರುಗಿದಳು. “ಭಾಳ ದಿವಸ ಖಾಲಿ ಬಿದ್ದ ಜಾಗಾರೀ ಅಕ್ಕಾರ. ಸಾರಸ್ಲಾರದ ನೆಲದ ಮ್ಯಾಲೆ ಮಂದಿಗೆ ಹ್ಯಾಂಗ ಉಣ್ಣಾಕ ಹಾಕೂದ್ರೀ? ದೇವರಮನಿ ಸಾರಸಿದಂಗ ಸಾರಸೇನ್ರೀ” ಎಂದಳು. ಅವಳ ಪಾತ್ರೆ ಪಗಡಗಳೆಲ್ಲ ಆಗಲೇ ಒಳಗೆ ಬಂದಿದ್ದವು, ಶೆಡ್ ಕಿತ್ತಾಗಿತ್ತು, ಮಧ್ಯಾಹ್ನಕ್ಕೆ ಉಣ್ಣುವವರು ಬರುವವರಿದ್ದರು. ಇಬ್ಬರ ನಡುವೆ ನಿಂತ ನಾನು ಯಾರನ್ನು ಸಮಾಧಾನ ಮಾಡಬೇಕೋ ತಿಳಿಯದೆ ಇಬ್ಬರಿಗಿಂತ ಮೊದಲೇ ಅತ್ತುಬಿಟ್ಟೆ. ಇಂಥ ಸಂದರ್ಭಗಳಲ್ಲಿ ನನ್ನ ಉಪಯೋಗ ಯಾವಾಗಲೂ ಇಷ್ಟೇ.

ನೀಲವ್ವ ಸೆರಗು ಸಿಕ್ಕಿಸಿಕೊಂಡು ನೀರಿನ ಕೊಡ ಎತ್ತಿದಳು. ಹೋಗುವವರಾದರೂ ತೊಳೆದೇ ಹೋಗಬೇಕು ಎಂಬುದು ಅವಳ ಲೆಕ್ಕ. ಕೊಡ ಬಾಗುವಷ್ಟರಲ್ಲಿ ಆಂಟಿ ದಡಕ್ಕನೆ ಎದ್ದರು.

“ಏಯ್! ನೀರು ಹಾಕ್ಬೇಡ! ಮರ ಊದ್ಕೊಳುತ್ತೆ!”

ಹೀಗೆ ಬೈಯುತ್ತಾ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲೇ ಇಲ್ಲ. ಒಣಗಲು ಬಿಡು ಎಂದರು. ತೆಂಗಿನ ನಾರಿನಿಂದ ಉಜ್ಜು ಎಂದರು. ಅಡ್ಡ ಅಲ್ಲ, ಹಲಗೆಯ ಉದ್ದಕ್ಕೆ ಎಂದರು. ಕೊನೆಗೆ ಫ್ರಾಕು ಎತ್ತಿಕೊಂಡು ತಾವೇ ಮಂಡಿಯೂರಿದರು. ನಾಲ್ಕು ಹೆಂಗಸರು, ಆಂಟಿ ಮತ್ತು ಮೂಗು ಒರೆಸಿಕೊಳ್ಳುತ್ತಾ ನಾನು ಉಜ್ಜಿದೆವು. ಹಲಗೆ ಬಣ್ಣಗೆಟ್ಟು ಕಾಣಿಸಿತು. ಆಂಟಿ ಮನೆಗೆ ಹೋಗಿ ಒಂದು ಬುಟ್ಟಿ ಮೇಣದಬತ್ತಿ ಹೊತ್ತು ತಂದರು. ಅದನ್ನು ತುರಿದು ನೆಲದ ತುಂಬ ಉದುರಿಸಬೇಕು, ಗೋಣಿಚೀಲದ ಮೇಲೆ ಒಬ್ಬರನ್ನು ಕೂರಿಸಿ ಎಳೆಯಬೇಕು. ಪ್ರತಿ ಶನಿವಾರ ಡಾನ್ಸಿಗೆ ಮುಂಚೆ ಅವರ ಡ್ಯಾಡಿ ಮಕ್ಕಳನ್ನೆಲ್ಲ ಕೂರಿಸಿ ಹಾಗೆಯೇ ಮಾಡಿಸುತ್ತಿದ್ದರಂತೆ. ನಾನು ಅದನ್ನು ವಿವರಿಸಿ ಹೇಳಿದಾಗ ನೀಲವ್ವ ಮೇಣ ಮುಟ್ಟಿ ನೋಡಿ, “ಇವರೂ ಸಾರಸೂ ಮಂದೀನ ಅದಾರಲ್ರೀ!” ಎಂದಳು. ಆ ಕಡೆಯ ಮಾತು ಆಂಟಿಗೆ ತಿಳಿಯದು, ನಾನೇ ಬಿಡಿಸಿ ಹೇಳಿದೆ. ಬೆಳಗಿನಿಂದ ಬಿಗಿದುಕೊಂಡಿದ್ದ ಆ ಮುಖ ಆಗ ಸಡಿಲವಾಯಿತು.

ಚೀಲದ ಮೇಲೆ ಯಾರು ಕೂರಬೇಕು? ಎಲ್ಲರೂ ನನ್ನ ಗಾತ್ರ ನೋಡಿ ಬೇಡವೆಂದರು. “ಆಯೀ, ನೀವ ಕೂಡ್ರಿ” ಎಂದು ನೀಲವ್ವ ಆಂಟಿಯನ್ನೇ ಕೂರಿಸಿ ಎಳೆದಳು. ಆಚೆ ಗೋಡೆ ಮುಟ್ಟುವವರೆಗೆ ಆಂಟಿ “ಸ್ಲೋ, ಸ್ಲೋ!” ಎಂದು ಕೂಗಿದರು. ತಿರುಗಿ ಬರುವಾಗ “ಫಾಸ್ಟ್, ಇನ್ನೂ ಫಾಸ್ಟ್!” ಎಂದರು. ಎಪ್ಪತ್ತು ದಾಟಿದ ಹೆಂಗಸು ಆ ರೀತಿ ನಕ್ಕದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಳಿದ ಮೇಲೆ ಫ್ರಾಕಿನ ಜೇಬಿನಿಂದ ಬೀಗದ ಕೈ ತೆಗೆದು ನೀಲವ್ವನ ಸೊಂಟಕ್ಕೆ ತಾವೇ ಸಿಕ್ಕಿಸಿದರು.

ಆ ಮಧ್ಯಾಹ್ನ ಊಟ ತಡವಾಯಿತು, ಯಾರೂ ಬೈಯಲಿಲ್ಲ. ತೇಗದ ನೆಲದ ಮೇಲೆ ಮಣೆಗಳನ್ನಿಟ್ಟು ನಾಲ್ವರೂ ಬಡಿಯತೊಡಗಿದರೆ ಕೆಳಗಿನ ಟೊಳ್ಳು ಡೊಳ್ಳಿನ ಹಾಗೆ ಮೊಳಗಿತು. ಸರ್ಕಲ್ಲಿನಲ್ಲಿ ಹೋಗುವವರು ನಿಂತು ನೋಡಿದರು. ಆಂಟಿ ತಮ್ಮ ಮನೆಯ ಕಿಟಕಿಗಳನ್ನೆಲ್ಲ ತೆರೆದು, ಹಾಡುಹಗಲೇ ಕುರ್ಚಿಯಲ್ಲಿ ನಿದ್ದೆ ಹೋದರು.

ಆಂಟಿ ಇರುವವರೆಗೂ ಖಾನಾವಳಿ ನಡೆಯಿತು. ಅವರು ತೀರಿಕೊಂಡ ಮೇಲೆ ದೂರದ ಸಂಬಂಧಿಕರು ಜಾಗ ಮಾರಿದರು. ಈಗ ಅಲ್ಲಿ ಗಾಜಿನ ಕಟ್ಟಡವಿದೆ. ಹಾಲನ್ನು ಕೆಡವಿದ ದಿನ ನೀಲವ್ವ ಹಲಗೆಯೊಂದನ್ನು ಬೇಡಿ ತಂದು, ಎರಡು ತುಂಡು ಮಾಡಿಸಿ, ಒಂದನ್ನು ನನಗೆ ಕೊಟ್ಟು ತನ್ನ ಊರಿಗೆ ಹೋದಳು. ಇಷ್ಟು ವರ್ಷ ಅದರ ಮೇಲೆ ನನ್ನ ಉಪ್ಪಿನಕಾಯಿ ಜಾಡಿಗಳು ಕೂತಿದ್ದವು.

ನಿನ್ನೆ ಜಾಡಿಗಳನ್ನು ಕೆಳಗಿಳಿಸಿದೆ. ಹಲಗೆ ಒರೆಸಿ, ಹೊತ್ತುಕೊಂಡು ಮೇಲಿನ ಮನೆಯ ಬೆಲ್ ಒತ್ತಿದೆ. ಬಾಗಿಲು ತೆರೆದ ಹುಡುಗಿ ನನ್ನನ್ನು ನೋಡಿ ಬೆದರಿದಳು. “ಈಗೂ ಸಪ್ಪಳ ಬರಾಕತ್ತೈತೇನ್ರೀ ಆಂಟಿ? ಟಾವೆಲ್ ಮಡಚಿ ಹಾಕೇನ್ರೀ ಮಣಿ ಕೆಳಗ. ರೊಟ್ಟಿ ಸುದ್ದಾ ಛಂದ ಆಗವಲ್ವು.”

“ಆ ಟವಲ್ ತೆಗಿಯಮ್ಮಾ. ಇದನ್ನ ಇಟ್ಕೋ.”

“ಇದಕ್ಕ ಸಪ್ಪಳ ಜಾಸ್ತಿ ಆಗ್ತೈತಲ್ರೀ?”

“ಆಗ್ಲಿ. ಕೆಳಗಿರೋಳು ನಾನೇ ತಾನೆ? ಸೈಲೆಂಟ್ ಆದ್ರೆ ನಂಗೆ ಹಗಲಲ್ಲೇ ಭಯ ಆಗುತ್ತೆ” ಎಂದೆ. ಹೇಳಿದ ಮೇಲೆ, ಇದು ಯಾರ ಮಾತು ಎಂದು ಹೊಳೆದು ಅಲ್ಲೇ ನಿಂತುಬಿಟ್ಟೆ. ನನಗೂ ಈಗ ಹೆಚ್ಚುಕಡಿಮೆ ಐರಿಸ್ ಆಂಟಿಯ ವಯಸ್ಸು.

ಇವತ್ತು ಬೆಳಿಗ್ಗೆ ಸಂಘದ ಕಾರ್ಯದರ್ಶಿಯವರ ಫೋನು. “ಮೇಡಂ, ನಿಮ್ ಮೇಲಿಂದ ಮತ್ತೆ ಸೌಂಡ್ ಬರ್ತಿದೆಯಾ?”

ಫೋನನ್ನು ಸೂರಿನ ಕಡೆ ಎತ್ತಿ ಹಿಡಿದೆ.

“ಬರ್ತಿದೆ ಸಾರ್. ಕೇಳಿ, ಎಷ್ಟು ಚೆನ್ನಾಗಿ ಬರ್ತಿದೆ.”