ಮಂಚದ ಕಾಲಿನ ನಾಲ್ಕು ಬೆರಳು

೧೯೭೦ರಲ್ಲಿ ಏಳನೆಯ ತರಗತಿಗೆ ಶಾಲೆ ಬಿಟ್ಟು ಉಳಿ ಹಿಡಿದವನು ನಾನು. ಆಮೇಲೆ ನಂಬಿದ್ದು ನನ್ನ ಕೈಯನ್ನು ಮತ್ತು ರಸಮಟ್ಟವನ್ನು. ದೆವ್ವ, ಪೀಡೆ ಎಂದವರನ್ನು ಕಂಡರೆ ನಗುತ್ತಿದ್ದೆ. ಈಗ ನಂಬುತ್ತೇನೆ ಎಂದೂ ಹೇಳುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

೨೦೦೩ರಲ್ಲಿ ವಂಡ್ಸೆಯ ಒಂದು ಮನೆಯಿಂದ ಹಲಸಿನ ಮರದ ಹಳೇ ಮಂಚ ಕೊಂಡು ತಂದೆ. ಆ ಮನೆಯ ಯಜಮಾನರು ತೀರಿಹೋಗಿದ್ದರು. ಮರವಂತೆಯ ನಮ್ಮ ಮನೆಯಲ್ಲಿ ಇಳಿಸಿದ ಮೇಲೆ ಗೊತ್ತಾಯಿತು, ತಲೆಯ ಕಡೆಯ ಎರಡು ಕಾಲು ಉಳಿದೆರಡಕ್ಕಿಂತ ನಾಲ್ಕು ಬೆರಳು ಹೆಚ್ಚು ಉದ್ದ. ಯಾವ ಕುರುಡ ಮಾಡಿದ್ದಪ್ಪ ಎಂದು ನಕ್ಕೆ. ಆದರೆ ಕೆಲವು ತಿಂಗಳಿಂದ ಚಾಪೆಯಲ್ಲಿ ಹೊರಳಾಡುತ್ತಿದ್ದವನಿಗೆ ಅದರ ಮೇಲೆ ಭಾರೀ ನಿದ್ದೆ.

ಆದರೂ ಬಡಗಿಯ ಮನೆಯಲ್ಲಿ ಓರೆ ಮಂಚ! ಬಂದವರು ಏನೆಂದಾರು? ಒಂದು ಆದಿತ್ಯವಾರ ಗರಗಸ ತೆಗೆದೆ.

"ಹ್ವಾಯ್, ಲಾಯ್ಕ್ ನಿದ್ರಿ ಬತ್ತಿತ್ತಲೆ? ಎಂತಕ್ಕೆ ಅದನ್ನ್ ಮುಟ್ತ್ರಿ?" ಎಂದಳು ಹೆಂಡತಿ.

"ನಿಂಗೆ ಮರದ್ ಕೆಲ್ಸ ಗೊತ್ತಿತ್ತಾ?" ಎಂದೆ. ಕೊಯ್ದೆ. ಮಟ್ಟ ಇಟ್ಟೆ, ಗುಳ್ಳೆ ಸರಿಯಾಗಿ ನಡುವಿಗೆ ಬಂದು ನಿಂತಿತು. ಊಟ ಮುಗಿಸಿ ಹೆಮ್ಮೆಯಿಂದ ಅಂಗಾತ ಮಲಗಿದೆ.

ಹತ್ತು ನಿಮಿಷ ಆಗಿರಲಿಕ್ಕಿಲ್ಲ, ಯಾರೋ ಎದೆಯ ಎಡಬದಿಗೆ ಕೂತ ಹಾಗಾಯಿತು. ಉಸಿರು ಅರ್ಧಕ್ಕೇ ನಿಂತಿತು. ಧಡಕ್ಕನೆ ಎದ್ದು ಕೂತೆ, ಎದೆಯ ಮೇಲಿದ್ದವ ಇಳಿದು ಹೋದ. ಮಲಗಿದೆ, ಮತ್ತೆ ಬಂದ.

"ಮಂಚದ್ ಯಜಮಾನ್ರೇ ಬಂದದ್ದ್. ಕಾಲ್ ಕೊಯ್ದ್ರೆ ಬಿಡ್ತ್ರಾ?" ಹೆಂಡತಿ ಅಳತೊಡಗಿದಳು.

"ಕೂಕಂಡವ್ರನ್ ಕಂಡ್ರೆ ಹೆದ್ರು ದೆವ್ವ, ಅದೆಂತ ದೆವ್ವ?" ಎಂದೆ. ಹಾಗೆಂದವನೇ ಮೂರು ದಿನ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದೆ. ನಾಲ್ಕನೆಯ ದಿನ ಉಳಿ ಹೊಡೆಯುವಾಗ ಏದುಸಿರು ಬಂದು ಕೈ ನಿಂತಿತು. ನನ್ನ ಕೈ ನಿಂತರೆ ಒಲೆಯೂ ನಿಂತಂತೆ. ಅಂದೇ ಕುಂದಾಪುರದಲ್ಲಿ ಡಾಕ್ಟರಿಗೆ ತೋರಿಸಿದೆ.

ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಹೃದಯ ದೊಡ್ಡದಾಗಿದೆ" ಎಂದರು.

"ಒಳ್ಳೇದೇ ಅಲ್ದಾ? ದೊಡ್ಡ ಇಂಜಿನ್ ಇದ್ದ್ ಬೋಟ್ ಜೋರ್ ಓಡ್ತಿಲ್ಯಾ?"

ಡಾಕ್ಟರು ನಕ್ಕರು. "ಇದು ದಣಿದು ಊದಿಕೊಂಡ ಇಂಜಿನ್. ಮಲಗಿದರೆ ಕಾಲಿನ ರಕ್ತವೆಲ್ಲ ಎದೆಗೆ ಬರುತ್ತದೆ, ಅದನ್ನು ಮುಂದೆ ನೂಕಲು ಆಗುವುದಿಲ್ಲ. ಶ್ವಾಸಕೋಶದಲ್ಲಿ ನೀರು ಕಟ್ಟುತ್ತದೆ. ಹೊಟ್ಟೆ ಕೆಳಗಿನಿಂದ ಒತ್ತುತ್ತದೆ, ಹೃದಯ ಎಡಗಡೆಯಿಂದ ಒತ್ತುತ್ತದೆ. ಉಸಿರಿಗೆ ಜಾಗ ಎಲ್ಲಿ? ಮಾತ್ರೆ ತಪ್ಪಿಸಬೇಡಿ, ತಲೆಯ ಕಡೆ ಎತ್ತರ ಮಾಡಿ ಮಲಗಿ."

ದೆವ್ವದ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಹಾಗಾದರೆ ಆ ಓರೆ ಮಂಚ ಮಾಡಿದ ಜಾಣ ಯಾರು? ಕೊಯ್ದ ಎರಡು ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ವಂಡ್ಸೆಗೆ ಹೋದೆ. ಆ ಮನೆಯ ಅಮ್ಮ ಅವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದ್ ನಮ್ದಲ್ಲ ಆಚಾರ್ರೆ. ನಮ್ ಮಂಚದ್ ನಾಲ್ಕ್ ಕಾಲೂ ಸಮ. ಇವ್ರಿಗೂ ಉಬ್ಸ ಇದ್ದಿತ್ತ್, ಅದ್ಕೇ ತಲಿ ಬದಿಗೆ ನಾನೇ ಎರ್ಡ್ ಕಲ್ಲ್ ಇಟ್ಟಿದ್ದೆ. ಕಲ್ಲ್ ಅಲ್ಲೇ ಇತ್ತ್, ಕಾಣಿ."

ಕಲ್ಲುಗಳು ಅಲ್ಲೇ ಇದ್ದವು. ಅಳೆದೆ. ನಾಲ್ಕು ಬೆರಳು.

ಮನೆಗೆ ಬಂದು ತುಂಡುಗಳನ್ನು ಮಂಚದ ಕಾಲಿಗೆ ಹಿಡಿದೆ. ಮರದ ಗೆರೆಗೆ ಗೆರೆ ಕೂಡಿತು. ಯಾರೋ ಜೋಡಿಸಿದ್ದಲ್ಲ, ಒಂದೇ ಮರ. ಇದರಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ. ಅಂಟು ಹಾಕಿ, ಮೊಳೆ ಹೊಡೆದು, ಅದರ ಮೇಲೇ ಮಲಗುತ್ತಿದ್ದೇನೆ. ಆ ಅಮ್ಮ ಮರೆತರೋ, ಮಂಚವಾದ ಮೇಲೂ ಮರ ಬೆಳೆಯಿತೋ, ನನಗೆ ಇವತ್ತಿಗೂ ತಿಳಿದಿಲ್ಲ.

ಈಗ ನನಗೆ ಅರವತ್ತು. ಹೆಂಡತಿ ಒಬ್ಬಳು, ಹೆಣ್ಣುಮಕ್ಕಳು ಇಬ್ಬರು, ಉಳಿ ಹದಿನಾಲ್ಕು, ದಿನಕ್ಕೆ ಮಾತ್ರೆ ಐದು, ಹೃದಯ ಒಂದು.